ಎಲ್ಲರೂ ಬರೆಯುವ ವಿಶ್ವಕೋಶವೂ ಹೊಸಬರ ಕೈಯೂ

ಅರಸನೊಬ್ಬನು ತಾನೇ ಕುಳಿತು ವಿಶ್ವಕೋಶವನ್ನು ರಚಿಸಿದ ನಾಡು ನಮ್ಮದು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. ೧೧೨೯ರಲ್ಲಿ ಬರೆದ 'ಮಾನಸೋಲ್ಲಾಸ'ವು ಐದು ವಿಂಶತಿಗಳ, ಎಂದರೆ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ರಾಜ್ಯವನ್ನು ಗಳಿಸಿ ಉಳಿಸುವ ಬಗೆಯಿಂದ ಹಿಡಿದು ಆನೆಯ ಲಕ್ಷಣ, ಅಡಿಗೆ, ಸಂಗೀತ, ಆಟಪಾಟಗಳ ವರೆಗೆ ಆತನು ಮುಟ್ಟದ ವಿಷಯವೇ ಇಲ್ಲವೆನ್ನಬೇಕು. ಅದಕ್ಕೂ ನೂರು ವರುಷ ಮೊದಲು ಚಾವುಂಡರಾಯನೆಂಬುವನು ಕನ್ನಡದಲ್ಲಿಯೇ 'ಲೋಕೋಪಕಾರ'ವನ್ನು ಬರೆದಿದ್ದನು. ತರುವಾಯ ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ', ಕೆಳದಿಯ ಬಸಪ್ಪನಾಯಕನ 'ಶಿವತತ್ತ್ವರತ್ನಾಕರ'. ಈಚೆಗೆ, ೧೯೩೬ರಲ್ಲಿ, ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರ ದೊಡ್ಡ ಸಮೂಹವನ್ನೇ ಕೂಡಿಸಿ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಕೈಗಳು ಹೆಚ್ಚಾದವು, ಆದರೆ ಬರೆಯುವವರು ಬೇರೆ, ಓದುವವರು ಬೇರೆ ಎಂಬ ಗೆರೆಯು ಮಾತ್ರ ಹಾಗೆಯೇ ಉಳಿದಿತ್ತು.

ಆ ಗೆರೆಯನ್ನು ಅಳಿಸಿದ್ದು ವಿಕಿಪೀಡಿಯ. ಹವಾಯಿ ದ್ವೀಪದವರ ಮಾತಿನಲ್ಲಿ 'ವಿಕಿ' ಎಂದರೆ ಬೇಗ ಎಂದರ್ಥ. ಅಮೆರಿಕೆಯ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬುವರು, ಓದುವವನೇ ತಿದ್ದಲು ಬರುವಂಥ ಪುಟಗಳನ್ನು ೧೯೯೫ರಲ್ಲಿ ಅಂತರ್ಜಾಲದಲ್ಲಿ ಮೊದಲು ಮಾಡಿ ಅವಕ್ಕೆ ಈ ಹೆಸರಿಟ್ಟರು. ಅದೇ ಉಪಾಯದಿಂದ ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಎಂಬಿಬ್ಬರು ೨೦೦೧ರ ಜನೆವರಿ ೧೫ರಂದು ಇಂಗ್ಲಿಷಿನಲ್ಲಿ ವಿಶ್ವಕೋಶವನ್ನು ತೆರೆದರು. ಕನ್ನಡದ್ದು ೨೦೦೩ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಇಂದು ಅದರಲ್ಲಿರುವ ಲೇಖನಗಳು ಮೂವತ್ತು ಸಾವಿರವನ್ನು ಮೀರಿವೆ. ಇಂಗ್ಲಿಷಿನವು ಅರುವತ್ತು ಲಕ್ಷವನ್ನು ದಾಟಿವೆ. ಈ ಅಂತರವನ್ನು ಕಂಡು ನಿಟ್ಟುಸಿರು ಬಿಡುವದರಿಂದ ಪ್ರಯೋಜನವಿಲ್ಲ. ಅಲ್ಲಿ ಬರೆಯುವವರಿಗೆ ಯಾರೂ ಸಂಬಳ ಕೊಡುವದಿಲ್ಲ. ಕನ್ನಡದಲ್ಲಿ ಓದುವವರು ಲಕ್ಷಗಟ್ಟಲೆ ಇದ್ದರೂ ನಿಯಮದಿಂದ ಬರೆಯುವವರು ಕೈಬೆರಳೆಣಿಕೆಯಷ್ಟೇ ಎಂಬಂತಿದೆ.

ಇದರಿಂದ ಗೃಹಸ್ಥರಿಗೇನು ಎಂದು ವಾಚಕರು ಕೇಳಬಹುದು. ನಿಮ್ಮ ಮನೆಯ ಹುಡುಗನಿಗೆ ಸಾಲೆಯಲ್ಲಿ 'ನಿಮ್ಮ ಊರಿನ ಮಾಹಿತಿ ಬರೆದು ತನ್ನಿರಿ' ಎಂದು ಹೇಳುತ್ತಾರೆ. ಅವನು ಅಜ್ಜನನ್ನು ಕೇಳುವದಿಲ್ಲ. ಮೊಬೈಲ್ ಫೋನನ್ನು ಕೇಳುತ್ತಾನೆ. ಫೋನು ಮೊದಲು ತೋರಿಸುವದು ಬಹುಮಟ್ಟಿಗೆ ವಿಕಿಪೀಡಿಯದ ಪುಟವನ್ನೇ. ಅಲ್ಲಿ ಊರಿನ ಹೆಸರೇ ತಪ್ಪಾಗಿದ್ದರೆ, ಇಲ್ಲವೆ ಹತ್ತು ಊರುಗಳ ಪುಟಗಳಲ್ಲಿ ಮಳೆ, ಬಿಸಿಲು, ಬೆಳೆಗಳ ವರ್ಣನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ, ಹುಡುಗನು ಅದನ್ನೇ ಬರೆದುಕೊಂಡು ಹೋಗುತ್ತಾನೆ. ಮಾಸ್ತರರು ಅದಕ್ಕೇ ಗುಣ ಹಾಕುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಈಗಿನ ಯಂತ್ರಗಳೂ ಇಂಥ ಪುಟಗಳನ್ನೇ ಓದಿ ಕಲಿತಿರುವಂಥವು. ಆದುದರಿಂದ ಹೊಸ ಲೇಖಕರನ್ನು ತಯಾರುಮಾಡುವದು ಕೆಲವರ ಹವ್ಯಾಸದ ಸಂಗತಿಯಲ್ಲ, ಮನೆಮನೆಯ ಸಂಗತಿ.

ಕನ್ನಡನಾಡಿನಲ್ಲಿ ಈ ಕೆಲಸವು ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಕನ್ನಡ ಲೇಖನಗಳನ್ನು ಬರೆಯಿಸಿದ್ದಾರೆ. ಡಾ. ಯು. ಬಿ. ಪವನಜರಂಥವರು ಊರೂರಿಗೆ ಹೋಗಿ ತರಬೇತಿ ಕೊಟ್ಟಿದ್ದಾರೆ. ಕರಾವಳಿಯವರ ಉತ್ಸಾಹದ ಫಲವಾಗಿ ೨೦೧೬ರಲ್ಲಿ ತುಳು ಭಾಷೆಗೂ ತನ್ನದೇ ವಿಕಿಪೀಡಿಯವು ದೊರೆಯಿತು. ನಮ್ಮ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳ ಸೀಮೆಗೆ ಆ ಗಾಳಿಯು ಅಷ್ಟಾಗಿ ಬೀಸಿಲ್ಲ. ಹಿರೇಬೆಂಡಿಗೇರಿಯಂಥ ಊರಿನಲ್ಲಿ ಐದಾರು ತರುಣರನ್ನೂ ಇಬ್ಬರು ಮೂವರು ತಾಯಂದಿರನ್ನೂ ಭಾನುವಾರಕ್ಕೊಮ್ಮೆ ಕೂಡಿಸಿ ಕಲಿಸತೊಡಗಿದಾಗ ನಮಗೆ ಕಂಡುಬಂದದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯ ತೊಡಕು ಅಕ್ಷರದ್ದು. ಕನ್ನಡ ಬಲ್ಲವರಿಗೆ ಕನ್ನಡವನ್ನು ಬೆರಳಚ್ಚು ಮಾಡುವದು ಬಾರದು. ಬಂದವರಿಗೋ ಮುದ್ರಣಾಲಯದ ಹಳೆಯ ರೂಢಿ. ಅವರು ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದಿಟ್ಟುದನ್ನು ತಂದು ಪುಟದಲ್ಲಿ ಅಂಟಿಸಿದರೆ, ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಗುರುತುಗಳ ರಾಶಿ ಬೀಳುವದು. ಯುನಿಕೋಡ್ ಎಂಬ ಸರ್ವಸಮ್ಮತ ಸಂಕೇತದಲ್ಲಿ ಬರೆಯಬೇಕೆಂಬುದನ್ನು ಮೊದಲ ದಿವಸವೇ ತಿಳಿಸಬೇಕು. ವಿಕಿಪೀಡಿಯದ ಪುಟದಲ್ಲಿಯೇ ಕನ್ನಡ ಬರೆಯುವ ಅನುಕೂಲವುಂಟು: ಇಂಗ್ಲಿಷ್ ಅಕ್ಷರಗಳಿಂದ ಉಚ್ಚಾರಕ್ಕೆ ತಕ್ಕಂತೆ ಬರೆಯುವ ಲಿಪ್ಯಂತರಣ, ಕೆ. ಪಿ. ರಾವ್ ಅವರ ಕೀಲಿಮಣೆಯ ಕ್ರಮ, ಸರಕಾರದ ಇನ್‌ಸ್ಕ್ರಿಪ್ಟ್ ಕ್ರಮ. ಮೂರರಲ್ಲಿ ಯಾವುದಾದರೂ ಸರಿ.

ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆವು. 'ಸೂರ್ಯ' ಎಂದು ಕೈಯಿಂದ ಬರೆಯುವಾಗ ನಾವು ಯಕಾರವನ್ನು ಬರೆದ ಮೇಲೆ ಅರ್ಕಾವತ್ತನ್ನು ಹಾಕುತ್ತೇವಷ್ಟೆ. ಯುನಿಕೋಡಿನಲ್ಲಿ ಮಾತ್ರ ಮೊದಲು ರೇಫೆ, ಆ ಮೇಲೆ ಹಲಂತದ ಗುರುತು, ಅದರ ತರುವಾಯ ಯಕಾರ. ಎಂದರೆ ಬಾಯಿಯು ನುಡಿಯುವ ಕ್ರಮದಲ್ಲಿಯೇ ಕೈಯೂ ಬರೆಯಬೇಕು. ವ್ಯಾಕರಣವನ್ನು ಓದಿದವನಿಗೆ ಇದರಷ್ಟು ಸಹಜವಾದದ್ದು ಬೇರೊಂದಿಲ್ಲ. ಸಂಧಿಯ ಪಾಠದಲ್ಲಿ ತೂಕಡಿಸುತ್ತಿದ್ದ ಹುಡುಗರು ಈ ಒಂದು ಯಂತ್ರದ ದೆಸೆಯಿಂದ ಸಂಯುಕ್ತಾಕ್ಷರಗಳ ಒಡಲನ್ನು ಬಿಡಿಸಿ ನೋಡುವದನ್ನು ಕಲಿತರು! 'ರಾಜ್‌ಕುಮಾರ್' ಎಂಬಲ್ಲಿ ಜಕಾರಕ್ಕೆ ಕಕಾರವು ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಕಾಣದ ಗುರುತೊಂದನ್ನು ಇಡಬೇಕಾಗುವದು. ಇಂಥ ಸಣ್ಣ ಸಂಗತಿಗಳನ್ನು ಹೇಳಿಕೊಡದಿದ್ದರೆ ಹೊಸಬನು ತನ್ನ ತಪ್ಪನ್ನು ಯಂತ್ರದ ತಪ್ಪೆಂದು ಬಗೆದು ಎದ್ದುಹೋಗುತ್ತಾನೆ.

ಎರಡನೆಯದು ಅಂಜಿಕೆ. ಅಚ್ಚಾದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮ ಜನರಿಗೆ, ವಿಶ್ವಕೋಶವನ್ನು ತಾವು ತಿದ್ದಬಹುದೆಂದರೆ ನಂಬಿಕೆ ಬಾರದು. ಇದಕ್ಕೆ ಉಪನ್ಯಾಸವು ಮದ್ದಲ್ಲ. ಪುಟದ ಮೇಲ್ಗಡೆ 'ಸಂಪಾದಿಸಿ' ಎಂದಿರುವಲ್ಲಿ ಒತ್ತಿಸಿ, ಒಂದು ಕಾಗುಣಿತದ ತಪ್ಪನ್ನು ತಿದ್ದಿಸಿ, ಏನು ತಿದ್ದಿದೆನೆಂಬ ಸಾರಾಂಶವನ್ನು ಒಂದು ಸಾಲಿನಲ್ಲಿ ಬರೆಯಿಸಿ, ಪ್ರಕಟಿಸಲು ಹೇಳಬೇಕು. ಅದು ಆ ಕ್ಷಣವೇ ಜಗತ್ತಿಗೆಲ್ಲ ಕಾಣುವದನ್ನು ಪಕ್ಕದವರ ಫೋನಿನಲ್ಲಿ ತೋರಿಸಬೇಕು. ಅನಂತರ 'ಇತಿಹಾಸ'ವನ್ನು ತೆರೆದು, ಆ ಪುಟವು ಹುಟ್ಟಿದಂದಿನಿಂದ ಯಾರು ಯಾವಾಗ ಏನು ಬದಲಿಸಿದರೆಂಬ ಪಟ್ಟಿಯನ್ನು ಓದಿಸಬೇಕು. ಯಾವ ಬದಲಾವಣೆಯೂ ಕಳೆದುಹೋಗುವದಿಲ್ಲ, ಯಾವ ತಪ್ಪನ್ನೂ ಹಿಂದಕ್ಕೆ ತಿರುಗಿಸಬಹುದು ಎಂದು ಕಣ್ಣಾರೆ ಕಂಡ ಮೇಲೆ ಅಂಜಿಕೆಯು ತಾನಾಗಿಯೇ ಹೋಗುವದು. ದೊಡ್ಡ ಲೇಖನವನ್ನು ಮೊದಲ ದಿವಸವೇ ಬರೆಯಲು ಹಚ್ಚುವ ತರಬೇತಿಗಳು ನಮಗೆ ಒಪ್ಪಿಗೆಯಿಲ್ಲ. ಅಕ್ಷರಾಭ್ಯಾಸದ ದಿನವೇ ಮಹಾಕಾವ್ಯವನ್ನು ಬರೆಯೆಂದರೆ ಹೇಗೆ? ಪ್ರತಿಯೊಬ್ಬ ಸದಸ್ಯನಿಗೂ 'ಪ್ರಯೋಗಪುಟ'ವೆಂಬುದನ್ನು ಕೊಟ್ಟಿರುವದು ಇದಕ್ಕಾಗಿಯೇ. ಹಿಂದೆ ಮಕ್ಕಳಿಗೆ ಉಸುಕಿನ ಹಲಿಗೆ ಇದ್ದಂತೆ ಇದು. ಬೇಕಾದಷ್ಟು ಗೀಚಿ ಅಳಿಸಬಹುದು.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ಮೂರನೆಯದು. ಹೊಸಬನು ಕಷ್ಟಪಟ್ಟು ಬರೆದುದು ಮರುದಿವಸ ಇರುವದಿಲ್ಲ!

ನಮ್ಮಲ್ಲಿಗೆ ಬರುತ್ತಿದ್ದ ಬಿ. ಎ. ತರಗತಿಯ ಹುಡುಗಿಯೊಬ್ಬಳು ತನ್ನ ಊರಿನ ಮೇಲೆ ಎರಡು ರಾತ್ರಿ ಕುಳಿತು ಮೂರು ಪುಟಗಳಷ್ಟು ಬರೆದಳು. ಊರಿನ ಹೆಸರು ಬಂದ ಕಥೆ, ಜಾತ್ರೆ, ಕೆರೆ, ಅಜ್ಜಿಯು ಹೇಳಿದ ಸಂಗತಿಗಳು ಎಲ್ಲವೂ ಅದರಲ್ಲಿದ್ದವು. ಮರುದಿನ ನೋಡಿದರೆ ನಾಲ್ಕು ಸಾಲು ಮಾತ್ರ ಉಳಿದಿದ್ದವು. "ಸರ, ನಾ ಬರದಿದ್ದೆಲ್ಲಾ ಯಾರೋ ಅಳಿಸ್ಯಾರ್ರಿ, ಇನ್ನ ನಾ ಬರಿಯೂದಿಲ್ರಿ" ಎಂದು ಕಣ್ಣಲ್ಲಿ ನೀರು ತಂದಳು. "ಅಳಿಸಿಲ್ಲವಾ ತಂಗಿ, ಹಿಂದಿನ ಹಾಳ್ಯಾಗ ಐತಿ. ಯಾಕ ತಗದಾರಂತ ಬರದಾರ, ಮೊದಲ ಅದನ್ನ ಓದು" ಎಂದು ಹೇಳಿ ಇತಿಹಾಸವನ್ನು ತೆರೆಯಿಸಿದೆವು. 'ಆಧಾರವಿಲ್ಲ' ಎಂಬ ಎರಡೇ ಮಾತು ಅಲ್ಲಿದ್ದವು. ಅಳಿಸಿದವರು ನಿಯಮದಂತೆಯೇ ನಡೆದಿದ್ದರು. ಆದರೂ ಹೊಸಬರನ್ನು ಕಚ್ಚಬೇಡಿರಿ ಎಂಬುದೂ ವಿಕಿಪೀಡಿಯದ ನಿಯಮಗಳಲ್ಲಿಯೇ ಒಂದು. ಅವಳ ಚರ್ಚೆಪುಟದಲ್ಲಿ ಎರಡು ಸಾಲು ವಿವರಿಸಿ ಬರೆಯಲು ಎಷ್ಟು ಹೊತ್ತು ಬೇಕಾಗಿತ್ತು? ಬರೆಯುವವರೇ ಇಲ್ಲವೆಂದು ಹಲುಬುವವರು ಬಂದವರನ್ನು ಬಾಗಿಲಲ್ಲಿಯೇ ನಿಲ್ಲಿಸಿದರೆ ಹೇಗೆ?

ಆಧಾರವೆಂಬುದು ಏತಕ್ಕೆ ಎಂಬುದನ್ನು ಅವಳಿಗೆ ತಿಳಿಸಿದ ಬಗೆ ಹೀಗೆ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥಸೂರಿಯು, ಮೂಲವಿಲ್ಲದ ಯಾವುದನ್ನೂ ತಾನು ಬರೆಯುವದಿಲ್ಲವೆಂದು ಮೊದಲೇ ಪ್ರತಿಜ್ಞೆ ಮಾಡಿದನು. ಆರು ನೂರು ವರುಷಗಳ ಹಿಂದಿನ ಆ ಪಂಡಿತನಿಗೆ ತಿಳಿದಿದ್ದುದನ್ನೇ ವಿಕಿಪೀಡಿಯದವರು ಇಂದು ಹೇಳುತ್ತಿದ್ದಾರೆ. ಬರೆದವನು ಯಾರೆಂದು ಓದುವವನಿಗೆ ಗೊತ್ತಿಲ್ಲ. ಅವನ ಪದವಿಯನ್ನು ಕಂಡು ನಂಬುವಂತಿಲ್ಲ. ಹಾಗಿದ್ದ ಮೇಲೆ ನಂಬುವದು ಯಾವುದನ್ನು? ಬೇರೆಯವರೂ ತೆಗೆದು ನೋಡಬಹುದಾದ, ಅಚ್ಚಾದ, ಬಲ್ಲವರು ಬರೆದ ಪುಸ್ತಕವನ್ನು. ಪ್ರತಿಯೊಂದು ಮುಖ್ಯ ಸಂಗತಿಯ ಮುಂದೆ ಆ ಪುಸ್ತಕದ ಹೆಸರು, ಪುಟಸಂಖ್ಯೆ ಇರಬೇಕು. ಅಜ್ಜಿಯ ಮಾತು ಸುಳ್ಳೆಂದಲ್ಲ. ಅದನ್ನು ಮೊದಲು ಜಾನಪದ ಸಂಗ್ರಹವಾಗಿ ಯಾರಾದರೂ ಅಚ್ಚುಹಾಕಿಸಲಿ. ನಮ್ಮ ತಾಲೂಕಿನ ಗೊಟಗೋಡಿಯಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿದೆ. ಅಚ್ಚಾದ ಮೇಲೆ ಅದಕ್ಕೂ ಆಧಾರದ ಬಲ ಬರುವದು. ಬಾಯಿಂದ ಬಾಯಿಗೆ ಬಂದ ಅರಿವೇ ಹೆಚ್ಚಾಗಿರುವ ನಮ್ಮಂಥ ನಾಡಿಗೆ ಈ ನಿಯಮವು ಸ್ವಲ್ಪ ಬಿಗಿಯೇ ಸರಿ ಎಂಬುದನ್ನೂ ಒಪ್ಪುತ್ತೇವೆ. ಆದರೆ ಇದನ್ನು ಸಡಲಿಸಿದರೆ ಬರುವ ನೆರೆಯನ್ನು ತಡೆಯುವವರಾರು?

ಆಧಾರಗಳು ಹಳ್ಳಿಯ ಪಾಲಿಗೆ ಇಲ್ಲವೇ ಇಲ್ಲವೆಂಬುದು ತಪ್ಪು ತಿಳುವಳಿಕೆ. ೨೦೧೧ರ ಜನಗಣತಿಯಲ್ಲಿ ಪ್ರತಿಯೊಂದು ಗ್ರಾಮದ ಲೆಕ್ಕವಿದೆ. ಮುಂಬಯಿ ಸರಕಾರದವರು ೧೮೮೪ರಲ್ಲಿ ಹೊರಡಿಸಿದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ ನಮ್ಮ ಸೀಮೆಯ ಊರು, ಕೆರೆ, ಗುಡಿಗಳ ವರ್ಣನೆಯುಂಟು. ಮುಂಬಯಿ ಕರ್ನಾಟಕದ ಶಾಸನಗಳು ಸಂಪುಟಗಳಾಗಿ ಅಚ್ಚಾಗಿವೆ. ಇವುಗಳಲ್ಲಿ ಹಲವನ್ನು ಇಂದು ಮನೆಯಲ್ಲಿಯೇ ಕುಳಿತು ಓದಬಹುದು. ಓದುವಾಗ ಎಚ್ಚರವಿರಬೇಕಷ್ಟೆ. ಹಳೆಯ ಪುಸ್ತಕದಲ್ಲಿ ಶಿಗ್ಗಾಂವವು ಧಾರವಾಡ ಜಿಲ್ಲೆಯಲ್ಲಿದೆ ಎಂದಿರುವದು ಸುಳ್ಳಲ್ಲ. ಹಾವೇರಿ ಜಿಲ್ಲೆಯಾದದ್ದು ೧೯೯೭ರಲ್ಲಿ. ಹೊಸಬನು ಹಳೆಯದನ್ನು ಕಂಡಂತೆಯೇ ಇಳಿಸಿದರೆ ಓದುವವನಿಗೆ ಗೊಂದಲವಾಗುವದು. ಎರಡನ್ನೂ ವರ್ಷಸಹಿತವಾಗಿ ಹೇಳಬೇಕು.

ಅವಳು ಮತ್ತೆ ಬರೆದಳು. ಈ ಸಲ ತನ್ನ ಪ್ರಯೋಗಪುಟದಲ್ಲಿ. ಮೂರು ಪುಟಗಳು ಇಳಿದು ಒಂದೂವರೆ ಪುಟವಾದವು, ಆಧಾರಗಳು ಒಂಬತ್ತಾದವು. ಅದನ್ನು ಯಾರೂ ತೆಗೆಯಲಿಲ್ಲ.

ತರುಣನೊಬ್ಬನ ಸಂಗತಿಯು ಹೀಗಾಗಲಿಲ್ಲ. ಅವನು ಚುನಾವಣೆಗೆ ನಿಂತ ತನ್ನ ಸೋದರಮಾವನ ಮೇಲೆ ಲೇಖನವನ್ನು ಬರೆದು, 'ಜನಪ್ರಿಯ ನಾಯಕರು, ದೀನದಲಿತರ ಆಶಾಕಿರಣ' ಎಂದೆಲ್ಲ ಹೊಗಳಿದ್ದನು. ಅದನ್ನು ಪೂರ್ತಿಯಾಗಿ ತೆಗೆದುಹಾಕಿದರು. ತನ್ನ ಮೇಲೆ, ತನ್ನ ಬಂಧುಗಳ ಮೇಲೆ, ತನ್ನ ಅಂಗಡಿಯ ಮೇಲೆ ತಾನೇ ಬರೆಯಬಾರದೆಂದು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಎಲ್ಲರೂ ಬರೆಯಬಹುದೆಂದು ನೀವೇ ಹೇಳಿದಿರಲ್ಲ ಎಂದು ನಮ್ಮ ಮೇಲೆಯೇ ಸಿಟ್ಟಾಗಿ ಬರುವದನ್ನು ಬಿಟ್ಟನು. ಬಿಟ್ಟದ್ದೇ ಒಳಿತಾಯಿತು. ಎಲ್ಲರೂ ಬರೆಯಬಹುದೆಂದರೆ ಏನನ್ನಾದರೂ ಬರೆಯಬಹುದೆಂದಲ್ಲ.

ಊರ ಅಭಿಮಾನದ ವಿಷಯದಲ್ಲಿಯೂ ಇದೇ ಮಾತು. ಸರ್ವಜ್ಞನು ಹುಟ್ಟಿದ್ದು ಅಬಲೂರಿನಲ್ಲೆಂದು ಕೆಲವರು, ಮಾಸೂರಿನಲ್ಲೆಂದು ಕೆಲವರು. ಎರಡೂ ನಮ್ಮ ಹಿರೇಕೆರೂರು ಸೀಮೆಯ ಊರುಗಳೇ. ಹುಡುಗರು ಇದರ ಮೇಲೆ ಜಗಳವಾಡಿ, ಒಬ್ಬನು ಬರೆದುದನ್ನು ಇನ್ನೊಬ್ಬನು ಅಳಿಸುತ್ತ ಕೂಡುವ ಪ್ರಸಂಗ ಬಂದಿತ್ತು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಎದುರಾಳಿಯೇ ಮೆಚ್ಚುವಂತೆ ಹೇಳಿ, ಆ ಮೇಲೆ ಸಿದ್ಧಾಂತಕ್ಕೆ ಬರುವ ಪದ್ಧತಿಯಿದೆ. ವಿಕಿಪೀಡಿಯದಲ್ಲಿ ಸಿದ್ಧಾಂತಕ್ಕೆ ಬರುವ ಅಧಿಕಾರವು ನಮಗಿಲ್ಲ; ಪಕ್ಷಗಳನ್ನು ಅವುಗಳ ಆಧಾರಗಳೊಡನೆ ನೆಟ್ಟಗೆ ನಿಲ್ಲಿಸಿ ಹಿಂದಕ್ಕೆ ಸರಿಯಬೇಕು. ತಕರಾರಿದ್ದರೆ ಪ್ರತಿಯೊಂದು ಲೇಖನಕ್ಕೂ ಚರ್ಚೆಪುಟವಿದೆ. ಎಲ್ಲರಿಗೂ ಸಂಬಂಧಿಸಿದ ಮಾತಿಗೆ ಇರುವ ಸ್ಥಳದ ಹೆಸರು 'ಅರಳಿ ಕಟ್ಟೆ'. ಯಾರು ಇಟ್ಟ ಹೆಸರೋ, ಇಂಗ್ಲಿಷಿನ ಹೆಸರನ್ನು ಮಕ್ಕಿಕಾಮಕ್ಕಿ ಇಳಿಸದೆ ನಮ್ಮ ಊರ ನಡುವಿನ ಕಟ್ಟೆಯನ್ನೇ ಅಲ್ಲಿಗೆ ಒಯ್ದಿರುವದು ಮೆಚ್ಚತಕ್ಕದ್ದು.

ವಿಶೇಷಣಗಳನ್ನು ಬಿಡಿಸುವದು ಇನ್ನೊಂದು ಪ್ರಯಾಸದ ಕೆಲಸ. ಬಂಕಾಪುರದ ಮೇಲೆ ಬರೆಯಲು ಹೇಳಿದರೆ, 'ಅತ್ಯಂತ ರಮಣೀಯವಾದ, ಎಲ್ಲರೂ ನೋಡಲೇಬೇಕಾದ ಪುಣ್ಯಕ್ಷೇತ್ರ' ಎಂಬ ಸಾಲು ಮೊದಲು ಬರುವದು. ಇಂಥ ಸಾಲು ಯಾವ ಊರಿಗೂ ಹೊಂದುವದು. ಆದುದರಿಂದ ಯಾವ ಊರನ್ನೂ ತಿಳಿಸದು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯನಿಂದ ಆ ಊರಿಗೆ ಹೆಸರು ಬಂದುದನ್ನು, ಅವನ ಮಗನಾದ ಲೋಕಾದಿತ್ಯನ ಕಾಲದಲ್ಲಿ ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಅಲ್ಲಿ ಪೂಜೆಯಾದುದನ್ನು, ಗಂಗರ ಅರಸನಾದ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ಅಲ್ಲಿಯೇ ದೇಹವನ್ನಿಟ್ಟುದನ್ನು, ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನರು ಅರವತ್ತು ಕಂಬದ ಗುಡಿಯೆಂದು ಕರೆಯುವದನ್ನು ಬರೆದರೆ ಸಾಕು. ರಮಣೀಯವೋ ಅಲ್ಲವೋ ಓದುವವನೇ ತಿಳಿದುಕೊಳ್ಳುವನು.

ನಕಲು ಮಾಡುವದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬೇರೆಯವರ ಪುಸ್ತಕದ ವಾಕ್ಯಗಳನ್ನು ಇದ್ದಕ್ಕಿದ್ದಂತೆ ತಂದಿಡುವದು ಕಳವು. ಸಂಗತಿಯನ್ನು ತೆಗೆದುಕೊಂಡು ವಾಕ್ಯವನ್ನು ತಾನೇ ಕಟ್ಟಬೇಕು. ಒಡೆಯರೇ ಅನುಮತಿ ಕೊಟ್ಟಿದ್ದರೆ ಬೇರೆ ಮಾತು. ಮೈಸೂರು ವಿಶ್ವವಿದ್ಯಾನಿಲಯದವರು ೨೦೧೪ರಲ್ಲಿ ತಮ್ಮ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಿಗೆಯಿಂದ ಬಿಟ್ಟುಕೊಟ್ಟುದು ಹಾಗೆ ದೊಡ್ಡ ದಾನವೇ ಆಯಿತು.

ಅನುವಾದದ ಮಾತನ್ನು ಮಾತ್ರ ಬಿಡುವಂತಿಲ್ಲ. ೨೦೧೦ರ ಸುಮಾರಿಗೆ ಗೂಗಲ್ ಸಂಸ್ಥೆಯವರು ಸಂಬಳದ ಅನುವಾದಕರಿಂದ, ಯಂತ್ರದ ಸಹಾಯದಿಂದ, ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಭಾರತದ ಕೆಲವು ಭಾಷೆಗಳಿಗೆ ತಿರುಗಿಸಿ ಹಾಕಿಸಿದರು. ಬಂಗಾಲಿಯವರು ಅಂಥವು ತಮಗೆ ಬೇಡವೆಂದರು. ಕನ್ನಡದಲ್ಲಿ ಅವು ಉಳಿದುಕೊಂಡು ಪುಟಗಳ ಗಾತ್ರವನ್ನು ಹಿಗ್ಗಿಸಿದವು; ಓದಿದರೆ ಮಾತ್ರ ಕಲ್ಲನ್ನು ಅಗಿದಂತೆ. ಈಗ ಯಂತ್ರವು ಇನ್ನೂ ಚುರುಕಾಗಿದೆ, ಹೊಸಬರ ಆಸೆಯೂ ಹಾಗೆಯೇ ಹೆಚ್ಚಿದೆ. ಒಂದು ತಾಸಿನಲ್ಲಿ ಹತ್ತು ಲೇಖನ! ತೀರಿಕೊಂಡ ಗಣ್ಯರೊಬ್ಬರು 'ಪತ್ನಿ ಮತ್ತು ಇಬ್ಬರು ಮಕ್ಕಳಿಂದ ಬದುಕುಳಿದಿದ್ದಾರೆ' ಎಂದು ನಮ್ಮವನೊಬ್ಬನು ಯಂತ್ರದಿಂದ ಬರೆಯಿಸಿ ತಂದನು. ಸತ್ತವರು ಬದುಕುಳಿದ ಬಗೆ ಯಾವದೆಂದು ಕೇಳಿದರೆ ಅವನಿಗೂ ನಗೆ ತಡೆಯಲಿಲ್ಲ. ನಮ್ಮ ತರಬೇತಿಯಲ್ಲಿ ಈಗೊಂದು ಕಟ್ಟಳೆ ಮಾಡಿದ್ದೇವೆ. ಅನುವಾದ ಮಾಡಿದುದನ್ನು ಪ್ರಕಟಿಸುವ ಮೊದಲು ಮನೆಯಲ್ಲಿ ಇಂಗ್ಲಿಷ್ ಬಾರದ ಒಬ್ಬರಿಗೆ ಗಟ್ಟಿಯಾಗಿ ಓದಿಹೇಳಬೇಕು. ಅವರು ಎರಡು ಸಲ 'ಏನಂದಿ?' ಎಂದರೆ ಆ ವಾಕ್ಯವನ್ನು ಒಡೆದು ಕಟ್ಟಬೇಕು. ಸಂಸ್ಕೃತ ಓದಿದ ನಾವೇ ಹೇಳುತ್ತೇವೆ: ಬಾರದ ಮಾತಿಗೆಲ್ಲ ಉದ್ದನೆಯ ಸಮಾಸವನ್ನು ಹೊಸೆಯುವದರಿಂದ ಕನ್ನಡವು ಬೆಳೆಯುವದಿಲ್ಲ. 'ಮೊಬೈಲ್' ಎಂಬುದು ಎಲ್ಲರಿಗೂ ತಿಳಿಯುತ್ತಿರುವಾಗ ಅದನ್ನೇ ಬರೆಯಿರಿ.

ಮನೆಯ ಹೆಣ್ಣುಮಕ್ಕಳು ಈ ಕೆಲಸದಲ್ಲಿ ತೋರುವ ತಾಳ್ಮೆಯನ್ನು ವಿಶೇಷವಾಗಿ ಹೇಳಬೇಕು. ಜಗತ್ತಿನ ಹೆಚ್ಚಿನ ಭಾಷೆಗಳ ವಿಕಿಪೀಡಿಯಗಳಲ್ಲಿ ಬರೆಯುವವರು ಬಹುಪಾಲು ಗಂಡಸರೇ. ಆದುದರಿಂದಲೇ ಅಡಿಗೆ, ಕಸೂತಿ, ಬಾಣಂತನದ ವಿಷಯಗಳು ಬಡವಾಗಿವೆ. ಮಧ್ಯಾಹ್ನದ ಒಂದು ತಾಸನ್ನು ಇದಕ್ಕೆ ಕೊಡುತ್ತಿರುವ ತಾಯಿಯೊಬ್ಬರು, ನಮ್ಮ ಕಡೆಯ ಜೋಳದ ರೊಟ್ಟಿಯ ಪುಟದಲ್ಲಿದ್ದ ಅಳತೆಯನ್ನು ನೋಡಿ, 'ಇದನ್ನ ಬರದವರು ರೊಟ್ಟಿ ಬಡದವರಲ್ಲ ಬಿಡ್ರಿ' ಎಂದು ಒಂದೇ ಮಾತಿನಲ್ಲಿ ಹೇಳಿ, ಅಚ್ಚಾದ ಅಡಿಗೆಯ ಪುಸ್ತಕವನ್ನು ಎದುರಿಗಿಟ್ಟುಕೊಂಡು ತಿದ್ದಿದರು. ಹೆಣ್ಣುಮಕ್ಕಳಿಗೆ ಹೇಳಬೇಕಾದ ಎಚ್ಚರಿಕೆಯೊಂದುಂಟು; ಗಂಡುಮಕ್ಕಳಿಗೂ ಅದು ಸಲ್ಲುವದು. ಸದಸ್ಯರಾಗಿ ಹೆಸರು ನೊಂದಾಯಿಸುವಾಗ ನಿಜವಾದ ಹೆಸರನ್ನೇ ಕೊಡಬೇಕೆಂದಿಲ್ಲ. ತಮಗೆ ಬೇಕಾದ ಹೆಸರಿಟ್ಟುಕೊಳ್ಳಬಹುದು. ಮನೆಯ ವಿಳಾಸ, ಫೋನಿನ ಸಂಖ್ಯೆಗಳನ್ನು ಎಲ್ಲಿಯೂ ಬರೆಯಬಾರದು.

ಬರೆಯಲು ಒಲ್ಲದವರಿಗೂ ಕೆಲಸವಿಲ್ಲದಿಲ್ಲ. ಊರ ಹೊರಗೆ ಬಿಸಿಲು ಮಳೆಗೆ ಸವೆಯುತ್ತಿರುವ ವೀರಗಲ್ಲು, ಸವಣೂರಿನ ದೊಡ್ಡ ಹುಣಸೆಮರಗಳು, ಹಾನಗಲ್ಲಿನ ತಾರಕೇಶ್ವರ ಗುಡಿ ಇವುಗಳ ಚಿತ್ರಗಳನ್ನು ತಾವೇ ತೆಗೆದು 'ಕಾಮನ್ಸ್' ಎಂಬ ಚಿತ್ರಭಂಡಾರಕ್ಕೆ ಕೊಟ್ಟರೆ ಎಲ್ಲ ಭಾಷೆಗಳ ವಿಶ್ವಕೋಶಗಳೂ ಅವನ್ನು ಬಳಸಿಕೊಳ್ಳಬಹುದು. ಚಿತ್ರವು ತಮ್ಮದೇ ಆಗಿರಬೇಕು. ಪುಸ್ತಕದಿಂದ, ಪತ್ರಿಕೆಯಿಂದ ತೆಗೆದುದು ಸಲ್ಲದು. ಕೊಡುವಾಗ ಊರು, ಗುಡಿ, ತೆಗೆದ ತಿಂಗಳು, ವರ್ಷ ಇಷ್ಟನ್ನಾದರೂ ಹೆಸರಿನೊಡನೆ ಬರೆದಿರಬೇಕು. 'ಫೋಟೋ ೧' ಎಂದು ಬರೆದಿಟ್ಟರೆ ಆ ಭಂಡಾರದಲ್ಲಿ ಅದನ್ನು ಹುಡುಕಿ ತೆಗೆಯುವವರಾರು?